ಮುಟ್ಟು ನಿಂತ ಮೇಲೆ ಹಾರ್ಮೋನ್ ಪ್ಯಾಕೇಜ್ ಟೆಸ್ಟ್ ಮಾಡಿಸಿದೆ, ಎಲ್ಲಾ ‘ಲೋ’ ಅಂತ ಬಂದಿದೆ. ಚಿಕಿತ್ಸೆ ಬೇಕಾ?

ಹೊಸನಗರದ_ಅಡಿಕೆಮನೆ

ಎಲ್ಲರಿಗೂ ನಮಸ್ಕಾರ. ನನಗೆ 53 ವರ್ಷ. ಮುಟ್ಟು ನಿಂತು ಎರಡು ವರ್ಷ ದಾಟಿತು. ಆದರೆ ಮೈ ಬಿಸಿ ಏರುವುದು ಮಾತ್ರ ನಿಂತಿಲ್ಲ. ಎದೆಯಿಂದ ಶುರುವಾಗಿ ಕುತ್ತಿಗೆ, ಮುಖಕ್ಕೆ ಏರುತ್ತದೆ. ಆಮೇಲೆ ಬೆವರು, ಅದರ ಹಿಂದೆಯೇ ಚಳಿ. ಈ ಸಲ ಅಡಿಕೆ ಬೇಯಿಸುವಾಗ ಹಂಡೆ ಹತ್ತಿರ ನಿಲ್ಲುವುದಕ್ಕೇ ಆಗಲಿಲ್ಲ, ನಾದಿನಿಯೇ ನೋಡಿಕೊಂಡಳು. ರಾತ್ರಿ ನಿದ್ದೆಯೂ ಸರಿ ಇಲ್ಲ.

ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ಮಹಿಳೆಯರ ಹಾರ್ಮೋನ್ ಪ್ಯಾಕೇಜ್ ರಿಯಾಯಿತಿಯಲ್ಲಿ ಇದೆ ಅಂತ ಮಗಳು ಬುಕ್ ಮಾಡಿದಳು. ರಿಪೋರ್ಟ್ ಹೀಗಿದೆ: ಎಫ್‌ಎಸ್‌ಎಚ್ 78, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಹೈ’. ಎಸ್ಟ್ರಡಯಾಲ್ 10ಕ್ಕಿಂತ ಕಡಿಮೆ, ‘ಲೋ’. ಪ್ರೊಜೆಸ್ಟೆರಾನ್ ‘ಲೋ’. ಎಎಂಎಚ್ ಲೆಕ್ಕಕ್ಕೇ ಸಿಗದಷ್ಟು ‘ಲೋ’. ಟೆಸ್ಟೋಸ್ಟೆರಾನ್ 14, ಅದೂ ‘ಲೋ’. ಅದು ಗಂಡಸರದ್ದು ಅಲ್ವಾ, ನನಗ್ಯಾಕೆ ನೋಡಿದರು ಅಂತಲೇ ಗೊತ್ತಾಗಲಿಲ್ಲ.

ಆಮೇಲೆ ಅವರ ಕಡೆಯಿಂದ ಒಬ್ಬರು ಫೋನ್ ಮಾಡಿ, ನಿಮ್ಮ ಹಾರ್ಮೋನ್ ಪೂರ್ತಿ ಖಾಲಿಯಾಗಿದೆ, ಬೆಂಗಳೂರಿನಲ್ಲಿ ಚರ್ಮದ ಕೆಳಗೆ ಟೆಸ್ಟೋಸ್ಟೆರಾನಿನ ಸಣ್ಣ ಗುಳಿಗೆ ಇಡುತ್ತಾರೆ, ಎಲ್ಲ ಮೊದಲಿನ ಹಾಗೆ ಆಗುತ್ತದೆ ಅಂದರು. ಯಜಮಾನರು ಹೋಗಿ ಬರೋಣ ಅಂತಿದ್ದಾರೆ. ನನಗೆ ಯಾಕೋ ಧೈರ್ಯ ಬರುತ್ತಿಲ್ಲ. ತಿಳಿದವರು ಹೇಳಿ.

ಹಳೇ_ಮಲೆನಾಡಿಗ

ಸುಮ್ನೆ ದುಡ್ಡು ಹಾಳು. ನಮ್ಮ ಅಮ್ಮ, ಅಜ್ಜಿ ಯಾರೂ ಹಾರ್ಮೋನ್ ತೆಗೆದುಕೊಂಡವರಲ್ಲ. ಒಂದೆಲಗದ ತಂಬುಳಿ ಕುಡಿದು ಗಟ್ಟಿಯಾಗಿದ್ದರು. ಈಗಿನವರಿಗೆ ಎಲ್ಲದಕ್ಕೂ ಟೆಸ್ಟ್ ಬೇಕು.

ಸಾಗರದಕ್ಕ

ಅಣ್ಣಾ, ನಿಮ್ಮ ಅಮ್ಮ ನಡುರಾತ್ರಿ ಎದ್ದು ಸೆರಗಿನಲ್ಲಿ ಗಾಳಿ ಹಾಕಿಕೊಂಡು ಕೂತಿದ್ದರೆ ಅದನ್ನು ಮಗನ ಹತ್ತಿರ ಹೇಳಿರುತ್ತಾರಾ? ನಮ್ಮ ಅತ್ತೆ ನನಗೂ ಹೇಳಿರಲಿಲ್ಲ. ನನ್ನ ಪಾಡು ನೋಡಿದ ಮೇಲೆ, ತಮಗೂ ವರ್ಷಗಟ್ಟಲೆ ಹೀಗೇ ಇತ್ತು ಅಂತ ಬಾಯಿ ಬಿಟ್ಟರು. ತಂಬುಳಿ ನಾನೂ ಮಾಡುತ್ತೇನೆ, ಊಟಕ್ಕೆ ರುಚಿ. ಮೈ ಬಿಸಿ ಹೋಗಲಿಲ್ಲ.

ಹೊಸನಗರದವರೇ, ನಾನು ಎಸ್ಟ್ರೋಜನ್ ಜೆಲ್ ಹಚ್ಚುತ್ತೇನೆ, ರಾತ್ರಿ ಪ್ರೊಜೆಸ್ಟೆರಾನ್ ಕ್ಯಾಪ್ಸೂಲ್ ನುಂಗುತ್ತೇನೆ. ಶುರು ಮಾಡುವಾಗ ನನ್ನ ಡಾಕ್ಟರ್ ಒಂದೇ ಒಂದು ಹಾರ್ಮೋನ್ ಟೆಸ್ಟನ್ನೂ ಬರೆದುಕೊಡಲಿಲ್ಲ. ಬಿಪಿ ನೋಡಿದರು, ಸ್ತನ ಪರೀಕ್ಷೆ ಮಾಡಿ ಮ್ಯಾಮೊಗ್ರಾಮ್ ಮಾಡಿಸಿದರು, ಥೈರಾಯ್ಡ್ ಮತ್ತು ಸಕ್ಕರೆ ನೋಡಿದರು. ಮನೆಯಲ್ಲಿ ಯಾರಿಗೆ ಏನೇನು ಕಾಯಿಲೆ ಇತ್ತು ಅಂತ ಅರ್ಧ ಗಂಟೆ ಕೇಳಿದರು. ಅಷ್ಟೇ.

ಭದ್ರಾವತಿ_ಲ್ಯಾಬ್‌ಮಾವ

ನಾನು ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಚಿಕಿತ್ಸೆ ಬಗ್ಗೆ ಡಾಕ್ಟರು ಹೇಳಲಿ, ರಿಪೋರ್ಟ್ ಓದುವ ಬಗ್ಗೆ ನಾನು ಹೇಳುತ್ತೇನೆ.

ತಾಯಿ, ಆ ‘ಲೋ’, ‘ಹೈ’ ಅನ್ನುವುದನ್ನು ಹಾಕಿದ್ದು ಡಾಕ್ಟರಲ್ಲ, ಕಂಪ್ಯೂಟರ್. ಅದು ನಿಮ್ಮ ಸಂಖ್ಯೆಯನ್ನು ಮುಟ್ಟಾಗುವ ವಯಸ್ಸಿನವರ ಮಿತಿಯ ಜೊತೆ ಹೋಲಿಸಿದ ಹಾಗೆ ಕಾಣುತ್ತದೆ. ರಿಪೋರ್ಟಿನಲ್ಲಿ ಸಣ್ಣ ಅಕ್ಷರದಲ್ಲಿ ಮುಟ್ಟಿನ ಮೊದಲರ್ಧ, ಎರಡನೇ ಅರ್ಧ, ಋತುಬಂಧದ ನಂತರ ಅಂತ ಬೇರೆ ಬೇರೆ ಸಾಲು ಇರುತ್ತದೆ. ಕೊನೆಯ ಸಾಲಿನ ಜೊತೆ ಹೋಲಿಸಿ ನೋಡಿ. ಮುಟ್ಟು ನಿಂತವರಲ್ಲಿ ಎಫ್‌ಎಸ್‌ಎಚ್ (ಅಂಡಾಶಯಕ್ಕೆ ಕೆಲಸ ಮಾಡು ಅಂತ ಮೆದುಳಿನ ಕಡೆಯಿಂದ ಬರುವ ಹಾರ್ಮೋನ್) 25ರಿಂದ 130ರ ಆಸುಪಾಸಿನಲ್ಲಿ ಎಲ್ಲಿದ್ದರೂ ಅದು ಮಾಮೂಲು. ನಿಮ್ಮ 78 ಅದರೊಳಗೇ ಇದೆ. ಎಸ್ಟ್ರಡಯಾಲ್, ಅಂದರೆ ಮೈಯಲ್ಲಿರುವ ಮುಖ್ಯ ಎಸ್ಟ್ರೋಜನ್, 20ಕ್ಕಿಂತ ಕೆಳಗೆ ಇರುವುದೂ ಮಾಮೂಲು. ಅಂಡ ಬಿಡುಗಡೆಯೇ ಆಗದ ಮೇಲೆ ಪ್ರೊಜೆಸ್ಟೆರಾನ್ ಎಲ್ಲಿಂದ ಬರಬೇಕು? ಎಎಂಎಚ್ ಅಂತೂ ಅಂಡಾಶಯದಲ್ಲಿ ಎಷ್ಟು ಅಂಡ ಉಳಿದಿವೆ ಅನ್ನುವುದರ ಅಂದಾಜು. ಮಕ್ಕಳಾಗಲು ಚಿಕಿತ್ಸೆ ತೆಗೆದುಕೊಳ್ಳುವವರಿಗೆ ಅದು ಬೇಕು. 53ಕ್ಕೆ ಅದನ್ನು ಪ್ಯಾಕೇಜಿನಲ್ಲಿ ಸೇರಿಸಿದ್ದು ಬಿಲ್ ದಪ್ಪ ಮಾಡಲು, ಬೇರೆ ಕಾರಣ ನನಗೆ ಕಾಣುವುದಿಲ್ಲ.

ಟೆಸ್ಟೋಸ್ಟೆರಾನ್ ವಿಷಯ ಸ್ವಲ್ಪ ಬೇರೆ. ಅದು ಹೆಂಗಸರ ಮೈಯಲ್ಲೂ ಇರುತ್ತದೆ. ಆದರೆ ಗಂಡಸರಲ್ಲಿ 300ರಿಂದ 1000 ಇರುವ ಕಡೆ ಹೆಂಗಸರಲ್ಲಿ ಹತ್ತು, ಇಪ್ಪತ್ತು, ಮೂವತ್ತು. ನಮ್ಮ ಕಡೆ ಹೆಚ್ಚಿನ ಲ್ಯಾಬುಗಳು ಬಳಸುವ ಇಮ್ಯುನೊಅಸ್ಸೆ ಮೆಷಿನ್ ದೊಡ್ಡ ಸಂಖ್ಯೆಗೆ ಚೆನ್ನಾಗಿ ಹೊಂದುತ್ತದೆ. ಅದರಲ್ಲಿ ಹೆಂಗಸರ ಟೆಸ್ಟೋಸ್ಟೆರಾನ್ ಅಳೆಯುವುದು ಅಡಿಕೆ ಮೂಟೆ ತೂಗುವ ತಕ್ಕಡಿಯಲ್ಲಿ ಮೂಗುತಿ ತೂಗಿದ ಹಾಗೆ. ಈ ಕೆಳಗಿನ ಮಟ್ಟದಲ್ಲಿ ನಿಖರವಾಗಿ ಬೇಕೆಂದರೆ ಮಾಸ್ ಸ್ಪೆಕ್ಟ್ರೋಮೆಟ್ರಿ ಅನ್ನುವ ವಿಧಾನ ಬೇಕು. ಅದಕ್ಕೆ ರಕ್ತವನ್ನು ದೊಡ್ಡ ಊರಿನ ಲ್ಯಾಬಿಗೆ ಕಳಿಸುತ್ತಾರೆ. 14ಕ್ಕೂ 20ಕ್ಕೂ ಇರುವ ವ್ಯತ್ಯಾಸ ನಿಮ್ಮ ಮೈಯದ್ದೋ ಮೆಷಿನ್ನಿನದ್ದೋ ಅಂತ ನಾನಾಗಿದ್ದರೆ ಹೇಳುತ್ತಿರಲಿಲ್ಲ.

ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದೀರಾ? ತುಂಬಾ ಜನ ತಿನ್ನುತ್ತಾರೆ, ಲ್ಯಾಬಿನಲ್ಲಿ ಹೇಳುವುದಿಲ್ಲ. ಕೆಲವು ಮೆಷಿನ್ನುಗಳಲ್ಲಿ ಬಯೋಟಿನ್ನೇ ಪರೀಕ್ಷೆಯ ಭಾಗ. ರಕ್ತದಲ್ಲಿ ಅದು ಜಾಸ್ತಿ ಇದ್ದರೆ ಎಫ್‌ಎಸ್‌ಎಚ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಸುಳ್ಳೇ ಕಡಿಮೆ ತೋರಿಸಬಹುದು, ಎಸ್ಟ್ರಡಯಾಲ್, ಟೆಸ್ಟೋಸ್ಟೆರಾನ್ ಸುಳ್ಳೇ ಜಾಸ್ತಿ ತೋರಿಸಬಹುದು. ಮುಂದೆ ಥೈರಾಯ್ಡ್ ಟೆಸ್ಟ್ ಮಾಡಿಸುವಾಗಲೂ ಇದು ನೆನಪಿರಲಿ. ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ. ಡೋಸ್ ದೊಡ್ಡದಿದ್ದರೆ ಇನ್ನೂ ಮೊದಲೇ ನಿಲ್ಲಿಸಬೇಕು, ಎಷ್ಟು ದಿನ ಅಂತ ಲ್ಯಾಬಿನಲ್ಲಿ ಕೇಳಿ.

ಇನ್ನೊಂದು. ಇಂಟರ್‌ನೆಟ್ಟಿನಲ್ಲಿ ಇಂಗ್ಲೆಂಡಿನವರ ಸಂಖ್ಯೆ ನೋಡಿ ಹೆದರಬೇಡಿ, ಅವರ ಅಳತೆಯೇ ಬೇರೆ. ಟೆಸ್ಟೋಸ್ಟೆರಾನಿನಲ್ಲಿ ಅವರ 1 ಅಂದರೆ ನಮ್ಮ ರಿಪೋರ್ಟಿನ ಸುಮಾರು 29.

ಹೊಸನಗರದ_ಅಡಿಕೆಮನೆ

ಮಾವ, ತುಂಬಾ ಉಪಕಾರ ಆಯಿತು. ಕೊನೆಯ ಸಾಲು ನೋಡಿದೆ, ಹೌದು, ಅದರೊಳಗೇ ಇದೆ. ಇದನ್ನು ಅವರು ಫೋನಿನಲ್ಲಿ ಯಾಕೆ ಹೇಳಲಿಲ್ಲ? ಬಯೋಟಿನ್ ತಿನ್ನುತ್ತಿಲ್ಲ.

ಡಾಕ್ಟರಮ್ಮ_ಶಿವಮೊಗ್ಗ

ನಾನು ಸ್ತ್ರೀರೋಗ ತಜ್ಞೆ. ಇಲ್ಲಿ ಕೂತು ಯಾರಿಗೂ ಔಷಧ ಬರೆದುಕೊಡಲು ಆಗುವುದಿಲ್ಲ. ಆದರೆ ಈ ಪ್ಯಾಕೇಜ್ ರಿಪೋರ್ಟ್ ಹಿಡಿದುಕೊಂಡು ಬರುವವರು ಈಗ ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

45 ದಾಟಿದ ಹೆಂಗಸಿಗೆ 12 ತಿಂಗಳು ಮುಟ್ಟು ಬರದಿದ್ದರೆ ಋತುಬಂಧ ಅಂತ ಹೇಳಲು ರಕ್ತ ಪರೀಕ್ಷೆಯೇ ಬೇಡ. ಬ್ರಿಟನ್ನಿನ ನೈಸ್ ಸಂಸ್ಥೆಯ 2015ರ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಮುಟ್ಟು ಹಿಂದೆ ಮುಂದೆ ಆಗುವ ಹೊತ್ತಿನಲ್ಲಂತೂ ಎಫ್‌ಎಸ್‌ಎಚ್ ಈ ವಾರ 60, ಮುಂದಿನ ವಾರ 9 ಬರಬಹುದು. ಅದನ್ನು ನೋಡಿ ಏನು ತೀರ್ಮಾನ ಮಾಡುವುದು? ಚಿಕಿತ್ಸೆ ಬೇಕೋ ಬೇಡವೋ ಅನ್ನುವುದನ್ನು ನಿಮ್ಮ ತೊಂದರೆ ಹೇಳುತ್ತದೆ, ನಿಮ್ಮ ವಯಸ್ಸು ಮತ್ತು ಹಿಂದಿನ ಕಾಯಿಲೆಗಳು ಹೇಳುತ್ತವೆ. ಎಸ್ಟ್ರಡಯಾಲ್ 5 ಇದ್ದೂ ಹಾಯಾಗಿ ನಿದ್ದೆ ಮಾಡುವವರು ಇದ್ದಾರೆ. ಅದೇ 5 ಇದ್ದು ರಾತ್ರಿ ನಾಲ್ಕು ಸಲ ರವಿಕೆ ಬದಲಿಸುವವರೂ ಇದ್ದಾರೆ. ಮೊದಲನೆಯವರಿಗೆ ‘ಲೋ’ ಅನ್ನುವ ಕಾರಣಕ್ಕೆ ಹಾರ್ಮೋನ್ ಕೊಡುವುದಿಲ್ಲ.

ಹಾಗಂತ ಟೆಸ್ಟ್ ಯಾರಿಗೂ ಬೇಡ ಅಂತಲ್ಲ. 40ರ ಒಳಗೆ ಮುಟ್ಟು ನಿಂತರೆ ಖಂಡಿತ ಬೇಕು. ಅದು ಸಹಜ ಋತುಬಂಧ ಅಲ್ಲ. ಎಲುಬು, ಹೃದಯ ಎರಡಕ್ಕೂ ಅಪಾಯ ಇರುವುದರಿಂದ ಅವರಿಗೆ ಸುಮಾರು 50ರವರೆಗೆ ಹಾರ್ಮೋನ್ ಕೊಡುವುದೇ ರೂಢಿ. 40ರಿಂದ 45ರ ನಡುವಿನವರಿಗೂ ಒಮ್ಮೆ ನೋಡುತ್ತೇವೆ. ಗರ್ಭಕೋಶ ಮಾತ್ರ ತೆಗೆಸಿ ಅಂಡಾಶಯ ಉಳಿಸಿಕೊಂಡವರಿಗೆ ಮುಟ್ಟಿನ ಲೆಕ್ಕವೇ ಸಿಗುವುದಿಲ್ಲ, ಅವರಲ್ಲೂ ಚಿಕ್ಕ ವಯಸ್ಸಾದರೆ ಎಫ್‌ಎಸ್‌ಎಚ್ ಸಹಾಯಕ್ಕೆ ಬರುತ್ತದೆ. ಮುಟ್ಟು ನಿಂತ ಮೇಲೆ ಕೆಲವೇ ತಿಂಗಳಲ್ಲಿ ಗಡ್ಡ ಮೀಸೆ ದಟ್ಟವಾಗಿ ಬಂದು, ಧ್ವನಿ ಗಡಸಾಗಿ, ನೆತ್ತಿ ಬೋಳಾಗುತ್ತಾ ಬಂದರೆ ಟೆಸ್ಟೋಸ್ಟೆರಾನ್ ನೋಡಲೇಬೇಕು. ಅಲ್ಲಿ ನಾವು ಹುಡುಕುವುದು ಕಡಿಮೆ ಇರುವುದನ್ನಲ್ಲ, ತೀರಾ ಜಾಸ್ತಿ ಇರುವುದನ್ನು. 150, 200 ದಾಟಿದರೆ ಅಂಡಾಶಯದಲ್ಲಿ ಅಥವಾ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಗೆಡ್ಡೆ ಇದೆಯಾ ಅಂತ ಸ್ಕ್ಯಾನ್ ಮಾಡಿಸುತ್ತೇವೆ. ಗಲ್ಲದ ಮೇಲೆ ನಾಲ್ಕು ಕೂದಲು ಬಂದವರು ಗಾಬರಿಯಾಗಬೇಡಿ, ಅದು ನನಗೂ ಇದೆ.

ಥೈರಾಯ್ಡ್ ಒಮ್ಮೆ ನೋಡುವುದು ಒಳ್ಳೆಯದು. ಬೆವರು, ಎದೆ ಢವಗುಟ್ಟುವುದು, ನಿದ್ದೆ ಬಾರದಿರುವುದು ಅಲ್ಲೂ ಇರುತ್ತದೆ. ಮಲೆನಾಡಿನವರಿಗೆ ಇನ್ನೊಂದು ಮಾತು: ಬೆವರಿನ ಜೊತೆ ಜ್ವರ ಇದೆಯಾ ಅಂತ ಥರ್ಮಾಮೀಟರ್ ಇಟ್ಟು ನೋಡಿ. ಋತುಬಂಧದ ಬಿಸಿಯಲ್ಲಿ ಜ್ವರ ಇರುವುದಿಲ್ಲ. ಚಳಿಗಾಲದಿಂದ ಬೇಸಿಗೆಯವರೆಗೆ ಕಾಡಂಚಿನ ಊರುಗಳಲ್ಲಿ ಜೋರು ಜ್ವರ, ಮೈಕೈ ನೋವು ಬಂದರೆ ಅದು ಮಂಗನ ಕಾಯಿಲೆ ಇರಬಹುದು, ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ರಾತ್ರಿ ಬೆವರಿ, ಕೆಮ್ಮಿ, ತೂಕ ಇಳಿಯುತ್ತಿದ್ದರೆ ಟಿಬಿ ನೋಡಬೇಕು.

ಸೊರಬ_ಟೀಚರ್

ಮೇಡಂ, ಹಾರ್ಮೋನ್ ತೆಗೆದುಕೊಂಡರೆ ಸ್ತನ ಕ್ಯಾನ್ಸರ್ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ? ನಮ್ಮ ಅಮ್ಮನಿಗೆ 68ರಲ್ಲಿ ಬಂದಿತ್ತು. ನಾನಂತೂ ಹತ್ತಿರ ಹೋಗುವುದಿಲ್ಲ ಅಂತ ತೀರ್ಮಾನ ಮಾಡಿದ್ದೇನೆ.

ಡಾಕ್ಟರಮ್ಮ_ಶಿವಮೊಗ್ಗ

ಟೀಚರ್, ಈ ಹೆದರಿಕೆ ಹುಟ್ಟಿದ್ದು 2002ರ ಜುಲೈಯಲ್ಲಿ. ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಅಧ್ಯಯನದ ಒಂದು ಭಾಗವನ್ನು ಮಧ್ಯದಲ್ಲೇ ನಿಲ್ಲಿಸಿದರು. 50ರಿಂದ 79 ವರ್ಷದ 16,608 ಹೆಂಗಸರು ಅದರಲ್ಲಿ ಇದ್ದರು. ಎಸ್ಟ್ರೋಜನ್ ಜೊತೆ ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಅನ್ನುವ ಕೃತಕ ಹಾರ್ಮೋನನ್ನು ಮಾತ್ರೆಯಲ್ಲಿ ಕೊಟ್ಟಿದ್ದರು. ಸುಳ್ಳು ಮಾತ್ರೆ ತೆಗೆದುಕೊಂಡ 10,000 ಹೆಂಗಸರಲ್ಲಿ ವರ್ಷಕ್ಕೆ 30 ಜನರಿಗೆ ಸ್ತನ ಕ್ಯಾನ್ಸರ್ ಬಂದರೆ, ಹಾರ್ಮೋನ್ ತೆಗೆದುಕೊಂಡ 10,000 ಜನರಲ್ಲಿ 38. ಅಂದರೆ 8 ಜಾಸ್ತಿ. ಪತ್ರಿಕೆಗಳಲ್ಲಿ ಬಂದದ್ದು ಮಾತ್ರ ಶೇ. 26 ಹೆಚ್ಚಳ ಅಂತ. ಎರಡೂ ನಿಜವೇ. ಯಾವುದನ್ನು ಕೇಳಿದರೆ ಎದೆ ಧಸಕ್ ಅನ್ನುತ್ತದೆ ನೀವೇ ನೋಡಿ.

ಆ ಹೆಂಗಸರ ಸರಾಸರಿ ವಯಸ್ಸು 63. ಹೆಚ್ಚಿನವರಿಗೆ ಮುಟ್ಟು ನಿಂತು ಹತ್ತು ವರ್ಷದ ಮೇಲಾಗಿತ್ತು. ಗರ್ಭಕೋಶ ಇಲ್ಲದವರಿಗೆ ಎಸ್ಟ್ರೋಜನ್ ಮಾತ್ರ ಕೊಟ್ಟ ಇನ್ನೊಂದು ಭಾಗ 2004ರಲ್ಲಿ ನಿಂತಿತು. ಅದರಲ್ಲಿ ಪಾರ್ಶ್ವವಾಯು ಜಾಸ್ತಿ ಕಂಡಿತು, ಸ್ತನ ಕ್ಯಾನ್ಸರ್ ಜಾಸ್ತಿ ಆಗಲಿಲ್ಲ. ಆಮೇಲಿನ ವರ್ಷಗಳಲ್ಲಿ ತಿಳಿದ ಮುಖ್ಯ ಸಂಗತಿ ಇದು: 60ರ ಒಳಗಿನವರು ಅಥವಾ ಮುಟ್ಟು ನಿಂತು ಹತ್ತು ವರ್ಷ ಆಗದವರು, ಬೇರೆ ತೊಂದರೆ ಇಲ್ಲದಿದ್ದರೆ, ಅವರಿಗೆ ಅಪಾಯಕ್ಕಿಂತ ಲಾಭ ಜಾಸ್ತಿ. ಮೈ ಬಿಸಿಗೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಔಷಧ ಇನ್ನೊಂದಿಲ್ಲ. ಎಲುಬಿಗೂ ಒಳ್ಳೆಯದು.

ಜೆಲ್, ಪ್ಯಾಚ್ ಮೂಲಕ ಚರ್ಮದಿಂದ ಹೋಗುವ ಎಸ್ಟ್ರೋಜನ್ ಲಿವರ್ ದಾಟಿ ಬರಬೇಕಿಲ್ಲ. ಹಾಗಾಗಿ ಮಾತ್ರೆಯಷ್ಟು ರಕ್ತ ಹೆಪ್ಪುಗಟ್ಟುವ ಭಯ ಇಲ್ಲ. ದಪ್ಪ ಮೈಯವರಿಗೆ, ಬಿಪಿ ಇರುವವರಿಗೆ ನಾನು ಅದನ್ನೇ ಇಷ್ಟಪಡುತ್ತೇನೆ. ಗರ್ಭಕೋಶ ಇರುವವರು ಎಸ್ಟ್ರೋಜನ್ ಒಂದನ್ನೇ ಯಾವ ಕಾರಣಕ್ಕೂ ತೆಗೆದುಕೊಳ್ಳಬಾರದು, ಒಳಪದರ ದಪ್ಪವಾಗಿ ಗರ್ಭಕೋಶದ ಕ್ಯಾನ್ಸರ್ ಬರಬಹುದು. ಪ್ರೊಜೆಸ್ಟೆರಾನ್ ಕೊಡುವುದು ಅದನ್ನು ತಡೆಯಲು. ಸಾಗರದಕ್ಕ ರಾತ್ರಿ ನುಂಗುತ್ತೇನೆ ಅಂದದ್ದು ಸರಿ, ಅದರಿಂದ ನಿದ್ದೆ ಬರುತ್ತದೆ.

ಅಮ್ಮನಿಗೆ 68ರಲ್ಲಿ ಬಂದಿತ್ತು ಅನ್ನುವುದೊಂದೇ ನಿಮಗೆ ಬಾಗಿಲು ಮುಚ್ಚುವುದಿಲ್ಲ. ಸ್ವಂತಕ್ಕೆ ಸ್ತನ ಕ್ಯಾನ್ಸರ್ ಆದವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು, ಲಿವರ್ ಕಾಯಿಲೆ ಜೋರಿರುವವರು, ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ಇವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಅವರಿಗೆ ಮೈ ಬಿಸಿಗೆ ಹಾರ್ಮೋನ್ ಅಲ್ಲದ ಮಾತ್ರೆಗಳಿವೆ. ವೆನ್ಲಾಫ್ಯಾಕ್ಸಿನ್, ಗಾಬಾಪೆಂಟಿನ್ ಅಂಥವು. ನಿಮಗೆ ತೊಂದರೆಯೇ ಇಲ್ಲದಿದ್ದರೆ ಏನೂ ಬೇಡ, ನಿಮ್ಮ ತೀರ್ಮಾನ ಸರಿಯೇ. ತೊಂದರೆ ಇದ್ದೂ ಹಲ್ಲು ಕಚ್ಚಿ ಕೂತಿದ್ದರೆ ಒಮ್ಮೆ ಬಂದು ಮಾತಾಡಿ.

ಹೆಸರು_ಬೇಡ (ತೀರ್ಥಹಳ್ಳಿ ಕಡೆ)

ಇದನ್ನು ಹೇಗೆ ಕೇಳುವುದು ಗೊತ್ತಾಗುತ್ತಿಲ್ಲ. ಟೆಸ್ಟೋಸ್ಟೆರಾನ್ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ.

41ರಲ್ಲಿ ಗರ್ಭಕೋಶ ತೆಗೆಸಿದೆ, ಫೈಬ್ರಾಯ್ಡ್ ಇತ್ತು. ಹೇಗೂ ಹೊಟ್ಟೆ ತೆರೆದಿದ್ದೇವೆ ಅಂತ ಎರಡೂ ಅಂಡಾಶಯ ತೆಗೆದರು. ಆಗ ನನಗೆ ಅದರ ಅರ್ಥ ಗೊತ್ತಿರಲಿಲ್ಲ, ಯಾರೂ ಕೂರಿಸಿ ಹೇಳಲೂ ಇಲ್ಲ. ಆಪರೇಷನ್ ಆದ ವಾರದಲ್ಲೇ ಮೈ ಬೆಂಕಿ. ಒಂದೆರಡು ವರ್ಷಕ್ಕೆ ಅದು ತಗ್ಗಿತು. ಈಗ 47. ಗಂಡ ಒಳ್ಳೆಯವರು. ಅವರ ಮೇಲೆ ಪ್ರೀತಿ ಇದೆ. ಆದರೆ ಹತ್ತಿರ ಬಂದರೆ ಮೈಯಲ್ಲಿ ಏನೂ ಆಗುವುದಿಲ್ಲ, ನೋವು ಬೇರೆ. ಅವರು ಏನೂ ಅನ್ನುವುದಿಲ್ಲ. ಹಾಗೆ ಏನೂ ಅನ್ನದೇ ಇರುವುದೇ ನನಗೆ ಕಷ್ಟ ಆಗುತ್ತದೆ. ನನಗೂ ಮೊದಲಿನ ಹಾಗೆ ಆಸೆ ಇರಬೇಕು ಅನ್ನಿಸುತ್ತದೆ. ಈ ವಯಸ್ಸಿನಲ್ಲಿ ಇದೆಲ್ಲಾ ಕೇಳುವುದು ತಪ್ಪಾ?

ಹಳೇ_ಮಲೆನಾಡಿಗ

ಇಂಥದ್ದೆಲ್ಲಾ ಹತ್ತು ಜನ ಓದುವ ಕಡೆ ಬರೆಯುವುದು ಸರಿಯಲ್ಲ ತಂಗಿ.

ಅಡ್ಮಿನ್

ಇದು ಆರೋಗ್ಯ ವಿಭಾಗ. ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಓದಲು ಇಷ್ಟ ಇಲ್ಲದವರು ಕೃಷಿ ವಿಭಾಗಕ್ಕೆ ಹೋಗಬಹುದು, ಅಲ್ಲಿ ಎಲೆಚುಕ್ಕಿ ರೋಗದ ಚರ್ಚೆ ಜೋರಾಗಿ ನಡೆದಿದೆ. ಗುಳಿಗೆ ಮಾರುವ ಒಬ್ಬರು ಇಲ್ಲಿ ಹಾಕಿದ್ದ ಮೊಬೈಲ್ ನಂಬರನ್ನು ತೆಗೆದಿದ್ದೇನೆ. ದಯವಿಟ್ಟು ಲ್ಯಾಬಿನ ಹೆಸರು, ಆಸ್ಪತ್ರೆ ಹೆಸರು ಯಾರೂ ಬರೆಯಬೇಡಿ.

ಸಾಗರದಕ್ಕ

ತಂಗೀ, ತಪ್ಪು ಅಂತ ಯಾರು ಹೇಳಿದ್ದು? ನೀನು ಕೇಳಿದ್ದು ಒಳ್ಳೆಯದಾಯಿತು, ಇನ್ನು ಎಷ್ಟು ಜನ ಸುಮ್ಮನೆ ಓದುತ್ತಿದ್ದಾರೋ.

ಡಾಕ್ಟರಮ್ಮ_ಶಿವಮೊಗ್ಗ

ತೀರ್ಥಹಳ್ಳಿಯವರೇ, ನಿಮ್ಮದು ಹೊಸನಗರದವರಿಗಿಂತ ಪೂರ್ತಿ ಬೇರೆ ಪ್ರಕರಣ. ಸ್ವಲ್ಪ ಉದ್ದ ಬರೆಯುತ್ತೇನೆ.

ಹೆಂಗಸರ ಟೆಸ್ಟೋಸ್ಟೆರಾನ್ ಅಂಡಾಶಯದಿಂದಲೂ ಅಡ್ರಿನಲ್ ಗ್ರಂಥಿಯಿಂದಲೂ ಬರುತ್ತದೆ. ಇಪ್ಪತ್ತರ ಹರೆಯದಿಂದಲೇ ನಿಧಾನವಾಗಿ ಇಳಿಯುತ್ತಾ ಬರುತ್ತದೆ. ಸಹಜವಾಗಿ ಮುಟ್ಟು ನಿಂತಾಗ ಎಸ್ಟ್ರೋಜನ್ ಕುಸಿದ ಹಾಗೆ ಇದು ಕುಸಿಯುವುದಿಲ್ಲ, ಅಂಡಾಶಯ ಆಮೇಲೂ ಸ್ವಲ್ಪ ತಯಾರಿಸುತ್ತಲೇ ಇರುತ್ತದೆ. ಆದರೆ ಎರಡೂ ಅಂಡಾಶಯ ತೆಗೆದರೆ ಒಮ್ಮೆಲೇ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಿಮಗೆ ಎಸ್ಟ್ರೋಜನ್, ಟೆಸ್ಟೋಸ್ಟೆರಾನ್ ಎರಡೂ ಒಟ್ಟಿಗೆ ಕುಸಿದಿವೆ.

ಆದರೂ ನಾನು ಟೆಸ್ಟೋಸ್ಟೆರಾನಿನಿಂದ ಶುರು ಮಾಡುವುದಿಲ್ಲ. ಮೊದಲು ನೋವು. ಎಸ್ಟ್ರೋಜನ್ ಇಲ್ಲದೆ ಯೋನಿಯ ಪದರ ತೆಳುವಾಗಿ ಒಣಗುತ್ತದೆ. ಪದೇ ಪದೇ ಉರಿಮೂತ್ರ ಆಗುವುದಕ್ಕೂ ಇದೇ ಕಾರಣ. ನೋವಾಗುತ್ತದೆ ಅಂತ ಗೊತ್ತಿರುವ ಕೆಲಸಕ್ಕೆ ಆಸೆ ಎಲ್ಲಿಂದ ಬರುತ್ತದೆ ಹೇಳಿ? ಅದಕ್ಕೆ ಒಳಗೆ ಹಚ್ಚುವ ಎಸ್ಟ್ರೋಜನ್ ಕ್ರೀಮ್ ಇದೆ. ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಹಾಗಾಗಿ ಗರ್ಭಕೋಶ ಇರುವವರಿಗೂ ಇದರ ಜೊತೆ ಪ್ರೊಜೆಸ್ಟೆರಾನ್ ಬೇಕಾಗುವುದಿಲ್ಲ. ಇದು 70ರ ಅಜ್ಜಿಯರಿಗೂ ಕೊಡಬಹುದಾದ ಔಷಧ. ಸ್ತನ ಕ್ಯಾನ್ಸರ್ ಆದವರು ಮಾತ್ರ ತಮ್ಮ ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಹಚ್ಚಬಾರದು.

ಎರಡನೆಯದು, 41ಕ್ಕೇ ಅಂಡಾಶಯ ಹೋದ ನಿಮಗೆ ಇಷ್ಟು ವರ್ಷ ಎಸ್ಟ್ರೋಜನ್ ಯಾಕೆ ಕೊಡಲಿಲ್ಲ ಅನ್ನುವುದು ನನ್ನ ಪ್ರಶ್ನೆ. ಬೇರೆ ಅಡ್ಡಿ ಇಲ್ಲದಿದ್ದರೆ ನಿಮಗೆ ಅದು ಕನಿಷ್ಠ 50ರವರೆಗೆ ಬೇಕಿತ್ತು, ಈಗಲೂ ಬೇಕು. ಗರ್ಭಕೋಶ ಇಲ್ಲದಿರುವುದರಿಂದ ಸಾಮಾನ್ಯವಾಗಿ ಎಸ್ಟ್ರೋಜನ್ ಒಂದೇ ಸಾಕು. ಎಲುಬು ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಒಮ್ಮೆ ಮಾಡಿಸಿ. ಅದು ನಿಮ್ಮ ಊರಲ್ಲಿ ಇಲ್ಲದಿದ್ದರೆ ಘಟ್ಟ ಇಳಿದು ಮಣಿಪಾಲಕ್ಕೋ ಈ ಕಡೆ ಬೆಂಗಳೂರಿಗೋ ಬೇರೆ ಕೆಲಸಕ್ಕೆ ಹೋದಾಗ ಮಾಡಿಸಬಹುದು, ಅದೇನೂ ತುರ್ತಲ್ಲ. ಖಿನ್ನತೆಗೆ ಅಂತ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಅವುಗಳಲ್ಲಿ ಕೆಲವು ಆಸೆ ಕುಂದಿಸುತ್ತವೆ.

ಇಷ್ಟೆಲ್ಲಾ ಮಾಡಿದ ಮೇಲೂ ಆಸೆ ಇಲ್ಲ, ಅದರಿಂದ ನಿಮಗೇ ಬೇಸರ ಇದೆ ಅಂದರೆ, ಆಗ ಟೆಸ್ಟೋಸ್ಟೆರಾನ್. 2019ರಲ್ಲಿ ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದ ಸೂಸನ್ ಡೇವಿಸ್ ಅವರ ಮುಂದಾಳತ್ವದಲ್ಲಿ ಹಲವು ದೇಶಗಳ ತಜ್ಞರ ಸಂಘಗಳು ಸೇರಿ ಒಂದು ಒಮ್ಮತದ ಹೇಳಿಕೆ ಕೊಟ್ಟವು. ಅದರ ಪ್ರಕಾರ, ಮುಟ್ಟು ನಿಂತ ಹೆಂಗಸರಿಗೆ ಟೆಸ್ಟೋಸ್ಟೆರಾನ್ ಕೊಡಲು ಪುರಾವೆ ಇರುವ ಕಾರಣ ಒಂದೇ: ಆಸೆ ಕುಂದಿ, ಅದು ಮನಸ್ಸಿಗೆ ಹಿಂಸೆ ಆಗಿರುವುದು. ಸುಸ್ತು, ಮರೆವು, ಎಲುಬು, ಮನಸ್ಸು ಮಂಕಾಗುವುದು, ಇವಕ್ಕೆ ಕೊಡಲು ಸಾಕಷ್ಟು ಪುರಾವೆ ಇಲ್ಲ. ಅದೇ ವರ್ಷ ಅವರು 36 ಪ್ರಯೋಗಗಳ, 8,480 ಹೆಂಗಸರ ಫಲಿತಾಂಶ ಒಟ್ಟುಗೂಡಿಸಿ ನೋಡಿದ್ದರು. ಮುಟ್ಟು ನಿಂತವರಲ್ಲಿ ಆಸೆ ಹೆಚ್ಚಿತು, ಬೇಸರ ಕಡಿಮೆಯಾಯಿತು, ತೃಪ್ತಿ ಕೊಟ್ಟ ಸಂದರ್ಭಗಳು ಸರಾಸರಿ ತಿಂಗಳಿಗೆ ಒಂದರಷ್ಟು ಜಾಸ್ತಿ ಆದವು. ಪವಾಡ ಅಲ್ಲ. ಕೆಲವರಿಗೆ ಅಷ್ಟೇ ಸಾಕು.

ಇಷ್ಟಕ್ಕಿಂತ ಕೆಳಗೆ ಇದ್ದರೆ ಕೊರತೆ ಅಂತ ಹೇಳುವ ರಕ್ತದ ಸಂಖ್ಯೆಯೇ ಇಲ್ಲ ಅಂತಲೂ ಆ ಹೇಳಿಕೆಯಲ್ಲಿದೆ. 14 ಇರುವವರಿಗೆ ಆಸೆ ಚೆನ್ನಾಗಿರಬಹುದು, 40 ಇರುವವರಿಗೆ ಇಲ್ಲದಿರಬಹುದು. ಶುರು ಮಾಡುವ ಮೊದಲು ಒಮ್ಮೆ ಟೆಸ್ಟ್ ಮಾಡುವುದು ಈಗಾಗಲೇ ಜಾಸ್ತಿ ಇರುವವರಿಗೆ ಕೊಡಬಾರದು ಅಂತ. ಮೂರರಿಂದ ಆರು ವಾರದಲ್ಲಿ ಮತ್ತೆ ನೋಡುವುದು ಮಿತಿ ಮೀರಿಲ್ಲ ಅಂತ ಖಾತ್ರಿಗೆ. ಆರು ತಿಂಗಳಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಬೇಕು.

ಭದ್ರಾವತಿ_ಲ್ಯಾಬ್‌ಮಾವ

ಇಲ್ಲಿ ಒಂದು ಸೇರಿಸುತ್ತೇನೆ. ಹಾರ್ಮೋನ್ ಜೆಲ್ ಹಚ್ಚಿದ ತೋಳಿನಿಂದ ರಕ್ತ ಕೊಡಬೇಡಿ. ಚರ್ಮದ ಮೇಲಿನದು ಸೂಜಿಗೆ ತಾಗಿ ಸಂಖ್ಯೆ ಎಲ್ಲಿಗೋ ಹೋಗುತ್ತದೆ. ಆ ದಿನ ತೊಡೆಗೆ ಹಚ್ಚಿ, ಇಲ್ಲವೇ ಆ ಕೈ ಬಿಟ್ಟು ಇನ್ನೊಂದು ಕೈ ಕೊಡಿ. ಜೊಲ್ಲಿನ ಪರೀಕ್ಷೆ ಅಂತ ಆನ್‌ಲೈನಿನಲ್ಲಿ ಮಾರುತ್ತಾರಲ್ಲ, ಅದನ್ನು ನೋಡಿ ಡೋಸ್ ತೀರ್ಮಾನ ಮಾಡುವುದು ಬೇಡವೇ ಬೇಡ.

ರಿಪ್ಪನ್‌ಪೇಟೆ_ಮೆಡಿಕಲ್ಸ್

ಔಷಧ ಅಂಗಡಿ ಕಡೆಯಿಂದ. ಹೆಂಗಸರ ಅಳತೆಗೆಂದೇ ಮಾಡಿದ ಟೆಸ್ಟೋಸ್ಟೆರಾನ್ ಕ್ರೀಮ್‌ಗೆ 2020ರಲ್ಲಿ ಆಸ್ಟ್ರೇಲಿಯಾ ಒಪ್ಪಿಗೆ ಕೊಟ್ಟಿದೆ. ನಮ್ಮ ಅಂಗಡಿಗಳಲ್ಲಿ ಸಿಗುವುದು ಗಂಡಸರ ಜೆಲ್. ಗಂಡಸರ ಒಂದು ಸ್ಯಾಷೆಯಲ್ಲಿ 50 ಮಿಲಿಗ್ರಾಂ ಇದ್ದರೆ ಹೆಂಗಸರಿಗೆ ಡಾಕ್ಟರು ಬರೆಯುವುದು ಅದರ ಹತ್ತನೇ ಒಂದು ಪಾಲು. ಒಂದು ಸ್ಯಾಷೆ ಹತ್ತು ದಿನಕ್ಕೆ ಬರಬೇಕು. ಚೀಟಿ ಇಲ್ಲದೆ ನಾನು ಕೊಡುವುದಿಲ್ಲ, ಯಾರೂ ಕೊಡಬಾರದು.

ಹೊಸನಗರದ_ಅಡಿಕೆಮನೆ

ಹಾಗಾದರೆ ಆ ಬೆಂಗಳೂರಿನ ಗುಳಿಗೆ?

ಡಾಕ್ಟರಮ್ಮ_ಶಿವಮೊಗ್ಗ

ಬೇಡ. ಆ 2019ರ ಹೇಳಿಕೆಯೇ ಗುಳಿಗೆ, ಇಂಜೆಕ್ಷನ್ ಎರಡೂ ಬೇಡ ಅಂತ ಹೇಳಿದೆ. ರಕ್ತದಲ್ಲಿ ಹಾರ್ಮೋನ್ ಮಟ್ಟ ಹೆಂಗಸರ ಮಿತಿ ದಾಟಿ ಎಲ್ಲೋ ಹೋಗುತ್ತದೆ. ಜೆಲ್ ಜಾಸ್ತಿ ಆದರೆ ನಾಳೆ ನಿಲ್ಲಿಸಬಹುದು. ಚರ್ಮದ ಕೆಳಗೆ ಇಟ್ಟದ್ದು ತಿಂಗಳುಗಟ್ಟಲೆ ಸೋರುತ್ತಲೇ ಇರುತ್ತದೆ. ಮೊಡವೆ, ಕೂದಲು ಆಮೇಲೆ ಕಡಿಮೆಯಾದೀತು, ಗಡಸಾದ ಧ್ವನಿ ವಾಪಸ್ ಬರದೇ ಇರಬಹುದು. ಅದಕ್ಕಿಂತ ಹೆಚ್ಚಾಗಿ, ನೀವು ಹೇಳಿದ ತೊಂದರೆ ಮೈ ಬಿಸಿ ಮತ್ತು ನಿದ್ದೆ. ಆಸೆಯ ಬಗ್ಗೆ ನೀವು ಏನೂ ಹೇಳಿಯೇ ಇಲ್ಲ. ನಿಮಗೆ ಟೆಸ್ಟೋಸ್ಟೆರಾನ್ ಯಾಕೆ? ಡಿಎಚ್‌ಇಎ (ಮೈಯಲ್ಲಿ ಟೆಸ್ಟೋಸ್ಟೆರಾನ್ ಆಗಿ ಬದಲಾಗುವ ಹಾರ್ಮೋನ್) ಮಾತ್ರೆ ತಿನ್ನಿ ಅಂತ ಆ ಫೋನಿನವರು ಹೇಳಿದ್ದರೆ ಅದೂ ಬೇಡ, ಬಾಯಿಂದ ತೆಗೆದುಕೊಂಡ ಡಿಎಚ್‌ಇಎಯಿಂದ ಆಸೆ ಹೆಚ್ಚಿದ್ದು ಪ್ರಯೋಗಗಳಲ್ಲಿ ಕಂಡಿಲ್ಲ.

ಕೊಪ್ಪದ_ಕಾಫಿತೋಟ

ನಾನು ಗಂಡಸು. ಮನೆಯಾಕೆಗೆ 51. ಅವಳ ಸಿಡುಕು ನನ್ನ ಮೇಲಿನ ಕೋಪ ಅಂದುಕೊಂಡಿದ್ದೆ. ಇದನ್ನೆಲ್ಲಾ ಓದಿ ಅವಳಿಗೂ ಓದಲು ಕೊಟ್ಟೆ. ಕೋಪ ನಿಜವಾಗಿಯೂ ನನ್ನ ಮೇಲೇ ಅಂತೆ, ಆದರೆ ನಿದ್ದೆ ಇಲ್ಲದಿರುವುದೂ ಸೇರಿಕೊಂಡಿದೆಯಂತೆ. ಡಾಕ್ಟರ ಹತ್ತಿರ ಹೋಗುವಾಗ ನಾನೂ ಒಳಗೆ ಹೋಗಬಹುದಾ?

ಡಾಕ್ಟರಮ್ಮ_ಶಿವಮೊಗ್ಗ

ಅವರು ಕರೆದರೆ ಹೋಗಿ. ಮೊದಲು ಅವರೊಬ್ಬರೇ ಮಾತಾಡಲಿ.

ಹೊಸನಗರದ_ಅಡಿಕೆಮನೆ

ಮುಂದೇನಾಯಿತು ಅಂತ ಹೇಳುತ್ತೇನೆ. ಬೆಂಗಳೂರು ಬಿಟ್ಟು ಶಿವಮೊಗ್ಗದಲ್ಲೇ ಒಬ್ಬ ಸ್ತ್ರೀರೋಗ ತಜ್ಞೆಯ ಹತ್ತಿರ ಹೋದೆ. ಪ್ಯಾಕೇಜ್ ರಿಪೋರ್ಟ್ ಒಮ್ಮೆ ನೋಡಿ ಪಕ್ಕಕ್ಕಿಟ್ಟರು. ಬಿಪಿ 134/84. ಟಿಎಸ್‌ಎಚ್ ಸರಿ ಇದೆ. ಮ್ಯಾಮೊಗ್ರಾಮ್ ಸರಿ ಇದೆ. ಎಸ್ಟ್ರಡಯಾಲ್ ಜೆಲ್ ಮತ್ತು ರಾತ್ರಿಗೆ 100 ಮಿಲಿಗ್ರಾಂ ಪ್ರೊಜೆಸ್ಟೆರಾನ್ ಕೊಟ್ಟಿದ್ದಾರೆ. ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ಆಗ ಮತ್ತೆ ಹಾರ್ಮೋನ್ ಟೆಸ್ಟ್ ಮಾಡಿಸಬೇಕಾ ಅಂತ ಕೇಳಿದೆ. ನಿದ್ದೆ ಹೇಗಿದೆ ಅಂತ ಹೇಳಿ, ಅದೇ ಟೆಸ್ಟ್ ಅಂದರು. ಮೂರು ವಾರ ಆಗುವ ಹೊತ್ತಿಗೆ ರಾತ್ರಿಯ ಬಿಸಿ ಕಡಿಮೆ ಆದ ಹಾಗೆ ಇದೆ. ಹಗಲಿನದು ಇನ್ನೂ ಇದೆ.

ಎಷ್ಟು ವರ್ಷ ಹಚ್ಚಬೇಕು? ನಡುವೆ ರಕ್ತ ಕಂಡರೆ?

ಡಾಕ್ಟರಮ್ಮ_ಶಿವಮೊಗ್ಗ

ಇಷ್ಟೇ ವರ್ಷ ಅಂತ ಗಡುವು ಇಲ್ಲ. ವರ್ಷಕ್ಕೊಮ್ಮೆ ಕೂತು ಮತ್ತೆ ಲೆಕ್ಕ ಹಾಕುತ್ತೇವೆ: ಇನ್ನೂ ಬೇಕಾ, ಡೋಸ್ ಇಳಿಸಬಹುದಾ ಅಂತ. ಶುರುವಿನ ಮೂರು ತಿಂಗಳು, ಕೆಲವರಿಗೆ ಆರು ತಿಂಗಳು, ಅಲ್ಲಲ್ಲಿ ರಕ್ತದ ಕಲೆ ಕಾಣಬಹುದು. ಆಮೇಲೂ ಬಂದರೆ, ಅಥವಾ ಜೋರಾಗಿ ಬಂದರೆ ತೋರಿಸಿ. ಇನ್ನು ಹಾರ್ಮೋನ್ ತೆಗೆದುಕೊಳ್ಳದೇ ಇರುವವರು ಗಮನಿಸಿ: ಮುಟ್ಟು ನಿಂತು ವರ್ಷ ಆದ ಮೇಲೆ ಒಂದು ಹನಿ ರಕ್ತ ಕಂಡರೂ ಸ್ಕ್ಯಾನ್ ಮಾಡಿಸಬೇಕು. ಒಳಪದರ 4 ಮಿಲಿಮೀಟರ್‌ಗಿಂತ ದಪ್ಪ ಇದ್ದರೆ ಸ್ವಲ್ಪ ತುಣುಕು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ. ‘ಮತ್ತೆ ಮುಟ್ಟು ಬಂತು, ಇನ್ನೂ ವಯಸ್ಸಿದೆ’ ಅಂತ ಖುಷಿಪಟ್ಟು ಕೂತವರು ತಡವಾಗಿ ಬರುತ್ತಾರೆ. ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಬಹುದು. ದುಡ್ಡಿಲ್ಲ ಅಂತ ಸುಮ್ಮನಿರಬೇಡಿ.

ಹೆಸರು_ಬೇಡ (ತೀರ್ಥಹಳ್ಳಿ ಕಡೆ)

ಡಾಕ್ಟರ್ ಮೇಡಂ, ಕ್ರೀಮ್ ಶುರು ಮಾಡಿದ್ದೇನೆ. ಎಸ್ಟ್ರೋಜನ್ ಜೆಲ್ಲನ್ನೂ ಬರೆದಿದ್ದಾರೆ. ಟೆಸ್ಟೋಸ್ಟೆರಾನ್ ಆಮೇಲೆ ನೋಡೋಣ ಅಂದಿದ್ದಾರೆ. ಮನೆಯವರ ಹತ್ತಿರ ಎಲ್ಲಾ ಹೇಳಿದೆ. ಒಂದು ಸಣ್ಣ ಅನುಮಾನ. ನಮ್ಮಲ್ಲಿ ಸಂಜೆ ತೋಟದಿಂದ ಬಂದ ಮೇಲೆ ಸ್ನಾನ. ಬೆಳಿಗ್ಗೆ ಜೆಲ್ ಹಚ್ಚಿ ಕೆಲಸಕ್ಕೆ ಹೋದರೆ ಬೆವರಿಗೆ ತೊಳೆದುಹೋಗುತ್ತದಾ? ಮೊಮ್ಮಗುವನ್ನು ಎತ್ತಿಕೊಳ್ಳಬಹುದಾ?

ಡಾಕ್ಟರಮ್ಮ_ಶಿವಮೊಗ್ಗ

ಸಂಜೆ ಸ್ನಾನ ಮಾಡಿ ಮೈ ಒರೆಸಿ ಒಣಗಿದ ಮೇಲೆ ಹಚ್ಚಿ, ಅದೇ ಅನುಕೂಲ. ತೋಳಿಗೋ ತೊಡೆಗೋ ಹಚ್ಚಬಹುದು, ಎದೆಗೆ ಬೇಡ. ಐದು ನಿಮಿಷ ಒಣಗಲು ಬಿಟ್ಟು ಬಟ್ಟೆ ಹಾಕಿ, ಕೈ ಸೋಪಿನಲ್ಲಿ ತೊಳೆಯಿರಿ. ಒಂದು ಗಂಟೆ ಆ ಜಾಗಕ್ಕೆ ನೀರು ಬೇಡ. ಮಗುವನ್ನು ಎತ್ತಿಕೊಳ್ಳಿ, ಹಚ್ಚಿದ ಜಾಗ ಮಾತ್ರ ಬಟ್ಟೆಯಲ್ಲಿ ಮುಚ್ಚಿರಲಿ. ತಲೆಗೆ ಮೈಗೆ ಎಣ್ಣೆ ಹಚ್ಚಿಕೊಳ್ಳುವ ದಿನ ಎಣ್ಣೆಯೆಲ್ಲಾ ಹೋಗುವ ಹಾಗೆ ಸೀಗೆಪುಡಿಯಲ್ಲಿ ತೊಳೆದುಕೊಂಡ ಮೇಲೆ ಜೆಲ್.